ಬ್ರೇಕಿಲ್ಲದ ಗಾಡಿ

ನಮ್ಮ ಕನ್ನಡ ಬಳಗದ ಸುದ್ದಿಪತ್ರ ಇವತ್ತು ರಾತ್ರಿಯೊಳಗೆ ಅಚ್ಚಿಗೆ ಹೋಗಬೇಕು. ರಾಜ್ಯೋತ್ಸವದ ಮೇಲೆ ನಾಲ್ಕು ಸಾಲು ಗೀಚೋಣವೆಂದು ಕೂತಿದ್ದೆ. ಅಷ್ಟರಲ್ಲಿ ಮಗಳು ಗೆಳತಿಯ ಬರ್ತ್‌ಡೇ ಮುಗಿಸಿ ಬಂದಳು. ಪಾರ್ಟಿ ಗೋ-ಕಾರ್ಟ್ ಅನ್ನೋ ಪುಟ್ಟ ರೇಸ್ ಗಾಡಿಗಳ ಟ್ರ್ಯಾಕಿನಲ್ಲಿತ್ತಂತೆ. "ಅಪ್ಪಾ, ಹುಡುಗರನ್ನ ಮುಂದೆ ನಿಲ್ಲಿಸಿ ನಮ್ಮನ್ನ ಹಿಂದೆ ನಿಲ್ಲಿಸಿದ್ರು, ಯಾಕೆ?" ಅಂದಳು ಶೂ ಬಿಚ್ಚುತ್ತಾ. ರಾಜ್ಯೋತ್ಸವ ಅಲ್ಲಿಗೇ ನಿಂತಿತು.

ನೆನಪಾದದ್ದು ಬಳ್ಳಾರಿಯ ಬೇರಿಂಗ್ ಗಾಡಿ: ಕೂರಲು ಹಲಗೆ, ಗಾಲಿಯ ಬದಲು ಬೇರಿಂಗ್. ಲಾರಿ ಗ್ಯಾರೇಜಿನವರು ಬಿಸಾಕಿದ ಬೇರಿಂಗ್ ಮೂರು, ಮುಂದೊಂದು, ಹಿಂದೆರಡು. ಅಡ್ಡಕೋಲಿನ ತುದಿ ಕೆತ್ತಿ, ಕಲ್ಲಿನಿಂದ ಬಡಿದು ಕೂರಿಸಬೇಕು. ಕೋಟೆ ಗುಡ್ಡದ ಕಡೆಯ ಇಳಿಜಾರಿನಲ್ಲಿ ಗರ್ರ್ ಅಂತ ಸದ್ದೆದ್ದರೆ ಕಟ್ಟೆ ಮೇಲಿನ ಮುದುಕರು ಬೈಯೋರು. ನಮ್ಮ ಓಣಿಯಲ್ಲಿ ಅಕ್ಕನನ್ನು ಹಿಂದೆ ಹಾಕಿದ ಗಂಡುಹುಡುಗ ಒಬ್ಬನೂ ಇರಲಿಲ್ಲ. ಲಂಗ ಮಂಡಿ ಕೆಳಗೆ ಸಿಕ್ಕಿಸಿಕೊಂಡು, ತಿರುವಿನಲ್ಲಿ ಇಡೀ ಮೈ ಒಂದು ಮಗ್ಗುಲಿಗೆ ವಾಲಿಸೋಳು. ನಾನು ಹಿಂದಿನಿಂದ ನೂಕೋನು, ಅಷ್ಟೇ. ಬ್ರೇಕು ಅಂದರೆ ಹವಾಯಿ ಚಪ್ಪಲಿ. ಅಕ್ಕನ ಎಡಗಾಲಿನ ಚಪ್ಪಲಿ ಹಿಮ್ಮಡಿ ಹತ್ತಿರ ಸವೆದು ಹಪ್ಪಳದಂತಾಗಿತ್ತು. ಅವ್ವ ಕಂಡುಹಿಡಿದದ್ದು ಅದರಿಂದಲೇ. "ದೊಡ್ಡಾಕಿ ಆಗೀದಿ, ಬೀದ್ಯಾಗ ಇದೇನು?" ಹಲಗೆ ಒಲೆಗೆ ಹೋಯಿತು, ಬೇರಿಂಗ್ ನನ್ನ ಪಾಲಿಗೆ ಬಂತು. ನಾನು ತುಟಿ ಬಿಚ್ಚಲಿಲ್ಲ. ಬೇರಿಂಗ್ ಸಿಕ್ಕಿತ್ತಲ್ಲ.

ಮಗಳು ಮಲಗಿದ ಮೇಲೆ ಹುಡುಕುತ್ತಾ ಕೂತೆ. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿ ಮಾಡಿದ್ದು ಮೊದಲ ಕಾರ್ಟ್. ಅದೂ ಒಂಥರಾ ನಮ್ಮ ಗ್ಯಾರೇಜ್ ಬುದ್ಧಿಯೇ. ಹತ್ತೇ ವರ್ಷಕ್ಕೆ, 1966ರಲ್ಲಿ, ಕಾರ್ಟಿಂಗ್ ವಿಶ್ವ ಚಾಂಪಿಯನ್ ಆದದ್ದು ಇಟಲಿಯ ಸುಸನ್ನಾ ರಗನೆಲ್ಲಿ. ಹೆಂಗಸರಿಗೆಂದು ಬೇರೆ ಪಂದ್ಯವಲ್ಲ, ಗಂಡಸರ ಜೊತೆಗೇ. ಆಕೆಯ ಹಿಂದೆ ಉಳಿದವರಲ್ಲಿ ಸ್ವೀಡನ್ನಿನ ರೋನಿ ಪೀಟರ್ಸನ್ ಒಬ್ಬ; ಮುಂದೆ ಫಾರ್ಮುಲಾ ಒನ್‌ನಲ್ಲಿ 10 ರೇಸು ಗೆದ್ದವ. ಮುಂದೆ ಫಾರ್ಮುಲಾ ಒನ್ ಚಾಂಪಿಯನ್ ಆದ ಬ್ರೆಜಿಲ್ಲಿನ ಐರ್ಟನ್ ಸೆನ್ನಾ ಕೂಡ 1979, 1980 ಎರಡು ಸಲವೂ ಎರಡನೇ ಸ್ಥಾನಕ್ಕೇ ನಿಂತ, ಈ ಪಟ್ಟ ಅವನಿಗೆ ದಕ್ಕಲಿಲ್ಲ. ಕಾರ್ಟ್‌ಗೆ ಕುಲುಕು ತಡೆಯುವ ಸಸ್ಪೆನ್ಷನ್ ಇಲ್ಲ, ತಿರುವಿನಲ್ಲಿ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಗಾಲಿ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ, ತಿರುವಿನಲ್ಲಿ ಒಳಗಿನ ಗಾಲಿ ಚೂರು ಮೇಲೇಳದಿದ್ದರೆ ಗಾಡಿ ಮೊಂಡು ಹಿಡಿಯುತ್ತದೆ. (ನಮ್ಮ ಬೇರಿಂಗ್‌ಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು. ಆ ಮಟ್ಟಿಗೆ ಬಳ್ಳಾರಿ ಗಾಡಿಯೇ ಮೇಲು.) ಪೀಟರ್ಸನ್, ಸೆನ್ನಾ ಹೆಸರು ನನಗೆ ಮೊದಲೇ ಗೊತ್ತಿತ್ತು. ಆಕೆಯದು ಇವತ್ತು ಗೊತ್ತಾಯಿತು.

ಇಲ್ಲಿ ರಾತ್ರಿಯಾದರೂ ಅಲ್ಲಿ ಊರಲ್ಲಿ ಬೆಳಗಾಗಿತ್ತು, ಅಕ್ಕನಿಗೆ ಫೋನ್ ಹಚ್ಚಿದೆ. ವಗ್ಗರಣಿಗೆ ಮಂಡಕ್ಕಿ ನೆನೆಸುತ್ತಿದ್ದಳು. ಎಲ್ಲಾ ಕೇಳಿಸಿಕೊಂಡು, "ಆಕಿ ಗಾಡಿಗೆ ಬ್ರೇಕ್ ಇತ್ತೇನಲೇ?" ಅಂದಳು. ಇತ್ತು ಅಂದೆ. "ಹಂಗಾರ ಬಿಡು!"

ಜಾಗ ಮುಗಿಯಿತು, ಸೂಚನೆಗಳು: ರಾಜ್ಯೋತ್ಸವ ಮುಂದಿನ ಶನಿವಾರ ಸಂಜೆ 4ಕ್ಕೆ, ಎಂದಿನ ಸಭಾಂಗಣದಲ್ಲೇ. ಊಟದ ಹೆಸರು ಬುಧವಾರದೊಳಗೆ ಕೊಡಿ. ಬಾಗಿಲಲ್ಲಿ ಬಂದು "ನಾವು ಆರು ಜನ" ಅನ್ನಬೇಡಿ. ಮಿರ್ಚಿ ಕರಿಯಲು ಇಬ್ಬರು, ಕುರ್ಚಿ ಮಡಚಲು ಎಷ್ಟು ಜನ ಬಂದರೂ ಸರಿ. ಕನ್ನಡ ತರಗತಿಗೆ ಆ ದಿನ ರಜೆ. ಈ ಪುಟವನ್ನು ಹೊಸ ವರ್ಷದಿಂದ ಬೇರೆ ಯಾರಾದರೂ ನೋಡಿಕೊಳ್ಳುತ್ತೀರಾ? ಕಣ್ಣು ಎಳೆಯುತ್ತಿವೆ. ಕೈ ಜೋಡಿಸಿ, ಕೈ ಕೊಡಬೇಡಿ. ಮಕ್ಕಳ ಓಟದ ಸಾಲು ನಿಲ್ಲಿಸುವವನು ನಾನೇ. ಯಾರು ಎಲ್ಲಿ ಅನ್ನುವುದು ಚೀಟಿ ಎತ್ತಿ.