ಅಚ್ಚರಿಯ ಸುದ್ದಿ ಕೇಳಿದಾಗ ಜಪಾನಿಯಲ್ಲಿ ಏನು ಹೇಳಬೇಕು?

ಗೆಳೆಯರೇ, ನಿನ್ನೆಯ ಅಭ್ಯಾಸದಲ್ಲಿ ನಾವೆಲ್ಲರೂ ಎಲ್ಲದಕ್ಕೂ 'ಹೊಂತೊ?' ಎಂದೇ ಹೇಳಿದೆವು. 'ನಿಜವಾಗಿಯೂ?' ಎಂಬ ಆ ಮಾತು ಸರಿಯೇ. ಹಿರಿಯರ ಮುಂದೆ 'ಹೊಂತೊ ದೆಸು ಕಾ?' ಎನ್ನಿ.

'ಉಸೊ!' ಬಗ್ಗೆ ಮಾತ್ರ ಎಚ್ಚರವಿರಲಿ. ಪದದ ಅರ್ಥ 'ಸುಳ್ಳು'. ಸ್ನೇಹಿತರ ನಡುವೆ ಅದು 'ಅಯ್ಯೋ, ಹೌದಾ!' ಎಂಬಂತೆ ಸಲೀಸಾಗಿ ಬರುತ್ತದೆ, ಯಾರೂ ಆರೋಪ ಎಂದುಕೊಳ್ಳುವುದಿಲ್ಲ. ಆದರೆ ಶಿಕ್ಷಕರಿಗೋ ಮೇಲಧಿಕಾರಿಗೋ ಹೇಳಬೇಡಿ. 'ನಿಜವಾ?' ಎಂಬರ್ಥದ 'ಮಾಜಿ?' ಕೂಡ ಹಾಗೆಯೇ, ಗೆಳೆಯರಿಗಷ್ಟೇ.

ಹೊಸ ವಿಷಯ ತಿಳಿದಾಗ 'ಸೋ ನಾನ್ ದೆಸು ಕಾ' ಎನ್ನುವುದು ಬಲು ಉಪಯುಕ್ತ. ಬರಿಯ 'ಸೋ ದೆಸು ಕಾ'ಗಿಂತ ಇದರಲ್ಲಿ 'ಓಹೋ, ವಿಷಯ ಹೀಗೋ' ಎಂಬ ಆಸಕ್ತಿ ಹೆಚ್ಚು. ಕೊನೆಯಲ್ಲಿ ಸ್ವರ ಇಳಿಸಿ, ಏರಿಸಿದರೆ ಪ್ರಶ್ನೆಯಾಗುತ್ತದೆ. 'ಹೇ...' ಎಂದು ಎಳೆದು ಹೇಳುವ ಉದ್ಗಾರವೂ ಇದೆ. ನಮ್ಮ 'ಏ' ಎಂಬ ಕರೆಗೂ ಅದಕ್ಕೂ ಸಂಬಂಧವಿಲ್ಲ.

ನನಗೆ ಅಚ್ಚುಮೆಚ್ಚಿನದು 'ಹತ್ಸುಮಿಮಿ ದೆಸು'. ಹತ್ಸು ಎಂದರೆ ಮೊದಲು, ಮಿಮಿ ಎಂದರೆ ಕಿವಿ: ಈ ಸುದ್ದಿ ಕಿವಿಗೆ ಬೀಳುತ್ತಿರುವುದು ಇದೇ ಮೊದಲು! 'ನಾರುಹೊದೊ' ಅಚ್ಚರಿಯ ಮಾತಲ್ಲ, 'ಈಗ ಅರ್ಥವಾಯಿತು' ಎಂಬುದು. ಹಿರಿಯರಿಗೆ ಅದು ಒರಟಾಗಿ ಕೇಳಿಸಬಹುದು.

ನಾಳೆ ಎಲ್ಲರೂ ಒಂದೊಂದು ಧ್ವನಿ ಸಂದೇಶ ಕಳುಹಿಸಿ, ದಯವಿಟ್ಟು 'ಹೊಂತೊ' ಬಿಟ್ಟು.