ಕಹಿ ಸೋರೆಕಾಯಿ ರಸ ಕುಡಿಯಬೇಡಿ

ಮಾನ್ಯರೇ,

ಮೈಸೂರಿನಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೋಗುವವರು ‘ಡಿಟಾಕ್ಸ್’ (ದೇಹದ ಕಲ್ಮಶ ತೆಗೆಯುವುದು) ಎಂದು ಹಸಿ ಸೋರೆಕಾಯಿ ರಸವನ್ನು ರುಚಿ ನೋಡದೆ ಕುಡಿಯುವುದು ಅಪಾಯಕಾರಿ.

ಕೆಲವು ಕಾಯಿಗಳಲ್ಲಿ ಕುಕರ್ಬಿಟಾಸಿನ್ ಎಂಬ ಕಹಿ ವಿಷಾಂಶ ಹೆಚ್ಚಿರುತ್ತದೆ. ಅಂಥ ರಸ ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ವಾಂತಿ, ಭೇದಿ ಶುರುವಾಗಿ ರಕ್ತದೊತ್ತಡ ಕುಸಿಯಬಹುದು. ರಕ್ತವಾಂತಿಯಾಗಿ ಜೀವ ಹೋದದ್ದೂ ಇದೆ. ನಿಂಬೆರಸ, ಶುಂಠಿ, ಜೇನು ಬೆರೆಸಿದರೆ ಕಹಿ ಮರೆಯಾಗುತ್ತದೆಯೇ ಹೊರತು ವಿಷ ಹೋಗುವುದಿಲ್ಲ. ರುಬ್ಬುವ ಮೊದಲು ಪ್ರತಿ ಕಾಯಿಯ ಚೂರನ್ನು ನಾಲಿಗೆಗೆ ತಾಗಿಸಿ ನೋಡಬೇಕು. ಕಹಿ ಎನಿಸಿದರೆ ಉಗುಳಿ, ಇಡೀ ಕಾಯಿಯನ್ನೇ ಎಸೆಯಬೇಕು.

ದೇಹದ ಕಲ್ಮಶ ತೆಗೆಯುವ ಕೆಲಸ ಯಕೃತ್ತು, ಮೂತ್ರಪಿಂಡಗಳದ್ದು. ಹಗುರವಾಗಬೇಕೆಂದರೆ ಮೂರು ದಿನ ಕರಿದದ್ದು, ಸಿಹಿ, ಬೇಕರಿ ತಿನಿಸು, ಮದ್ಯ ಬಿಡಿ. ಬೆಳಿಗ್ಗೆ ಎರಡು ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದೂವರೆ ಲೋಟ ನೀರಿಗೆ ಸುರಿದು ಕಾಸಿದ ಅಂಬಲಿಗೆ, ಆರಿದ ಮೇಲೆ ಮಜ್ಜಿಗೆ ಬೆರೆಸಿಕೊಳ್ಳಿ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ರಾತ್ರಿ ಎಂಟರೊಳಗೆ ಹೆಸರುಬೇಳೆ, ಬೆಂದ ತರಕಾರಿ. ಕಾಫಿಯನ್ನು ಮಾತ್ರ ಒಮ್ಮೆಲೇ ನಿಲ್ಲಿಸದೆ ದಿನಕ್ಕೆ ಅರ್ಧ ಲೋಟದಂತೆ ಇಳಿಸಿ. ಥಟ್ಟನೆ ಬಿಟ್ಟಾಗ ಬರುವ ತಲೆನೋವು ‘ವಿಷ ಹೊರಹೋಗುವ’ ಲಕ್ಷಣವಲ್ಲ, ಕೆಫೀನ್ ತಪ್ಪಿದ್ದರ ಫಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಲೇಬಾರದು.

ರಸ ಮಾರುವ ಪ್ರತಿ ಗಾಡಿಯಲ್ಲೂ ‘ಕಹಿಯಿದ್ದರೆ ಕುಡಿಯಬೇಡಿ’ ಎಂಬ ಕನ್ನಡ ಫಲಕ ಹಾಕುವುದನ್ನು ಮಹಾನಗರ ಪಾಲಿಕೆ ಕಡ್ಡಾಯಗೊಳಿಸಲಿ.

– ಆಹಾರತಜ್ಞೆ, ಕುವೆಂಪುನಗರ, ಮೈಸೂರು