ಚಿಕ್ಕ ಮಕ್ಕಳ ಕಿವಿ ಪರೀಕ್ಷೆ ತಾಲೂಕಿನಲ್ಲೇ ಆಗಲಿ: ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಿಮ್ಮ ಕೈಗೆ ಬರುವ ಅರ್ಜಿಗಳಲ್ಲಿ ರಸ್ತೆ, ಕಾಲುವೆ ನೀರು, ಭತ್ತದ ರೇಟು ಇವೇ ಜಾಸ್ತಿ ಇರುತ್ತವೆ. ಅವೂ ಬೇಕು. ನಾನು ಕೇಳುತ್ತಿರುವುದು ಚಿಕ್ಕದು. ಜಿಲ್ಲೆಯ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ಗೊತ್ತಾದ ದಿನ, ಆರು ವರ್ಷದೊಳಗಿನ ಮಕ್ಕಳ ಕಿವಿ ಪರೀಕ್ಷೆ ನಡೆಯಬೇಕು. ಅದಕ್ಕೆ ಟಿಂಪನೊಮೀಟರ್ ಅನ್ನೋ ಒಂದು ಯಂತ್ರ ಬೇಕು, ಅದನ್ನು ಬಳಸಲು ಬರುವ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷಿಸುವ ತಜ್ಞರು ಒಬ್ಬರು ಬೇಕು. ಯಾಕೆ ಅಂತ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ನಾನು ಸಿಂಧನೂರು ತಾಲೂಕಿನ ಹಳ್ಳಿಯವಳು. ನನ್ನ ಮಗಳಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಸರಿಯಾಗಿ ಕಿವಿ ಕೇಳಿಸುತ್ತಿರಲಿಲ್ಲ. ಹಾಗಂತ ನೋಡಿದವರಿಗೆ ಅನ್ನಿಸುತ್ತಲೂ ಇರಲಿಲ್ಲ. ಕಿವಿ ಸೋರುತ್ತಿರಲಿಲ್ಲ. ನೋವಿಲ್ಲ, ಜ್ವರ ಇಲ್ಲ. ತೊಡೆ ಮೇಲೆ ಕೂರಿಸಿಕೊಂಡು ಮಾತಾಡಿಸಿದರೆ ಸರಿಯಾಗೇ ಉತ್ತರ ಕೊಡುತ್ತಿದ್ದಳು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಟಿವಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದಳು. ನೆಗಡಿ ಬಂದರೆ ಇನ್ನೂ ಜಾಸ್ತಿ. ಅಂಗನವಾಡಿಯಲ್ಲಿ ಒಂದು ದಿನ ಚಿತ್ರದ ಹಾಳೆ ಮುಂದಿಟ್ಟು "ಕಾಯಿ ಎಲ್ಲೈತಿ, ತೋರ್ಸವ್ವಾ" ಅಂದಿದ್ದಾರೆ. ಇವಳು ತನ್ನ ಬಾಯಿ ಮುಟ್ಟಿ ತೋರಿಸಿದ್ದಾಳೆ. ಉಳಿದ ಮಕ್ಕಳೆಲ್ಲ ನಕ್ಕರು. ಕಾಯಿ, ಬಾಯಿ ಎರಡೂ ಅವಳಿಗೆ ಒಂದೇ ಥರ ಕೇಳುತ್ತಿದ್ದವು, ಅಷ್ಟೇ. "ಹುಡುಗಿ ಸ್ವಲ್ಪ ಮಂದ ಅದಾಳ" ಅನ್ನೋ ಮಾತು ಅಲ್ಲಿಂದ ಶುರುವಾಯಿತು. ಆ ಮಾತು ಒಮ್ಮೆ ಊರಲ್ಲಿ ಹಬ್ಬಿದರೆ ಮಗುವನ್ನು ಎಷ್ಟು ವರ್ಷ ಹಿಂಬಾಲಿಸುತ್ತದೆ ಅಂತ ನಿಮಗೆ ಗೊತ್ತಿರುತ್ತದೆ.

ಒಂದು ದವಾಖಾನೆಯಲ್ಲಿ ಟಾರ್ಚ್ ಬಿಟ್ಟು ನೋಡಿ "ಗುಗ್ಗಿ ತುಂಬೈತಿ" ಅಂತ ಡ್ರಾಪ್ಸ್ ಬರೆದುಕೊಟ್ಟರು. ಇನ್ನೊಂದು ಕಡೆ, ಕೆಲವು ಮಕ್ಕಳಿಗೆ ಮಾತು ತಡ, ಕಾಯಿರಿ ಅಂದರು. ಹುಟ್ಟಿದಾಗ ಕಿವಿ ಪರೀಕ್ಷೆ ಮಾಡಿ ಸರಿ ಇದೆ ಅಂತ ಕೊಟ್ಟಿದ್ದ ಚೀಟಿ ನಮ್ಮ ಹತ್ತಿರ ಇತ್ತು. ಅದನ್ನು ನೋಡಿದವರೆಲ್ಲ ಕಿವಿಯ ವಿಚಾರ ಅಲ್ಲಿಗೇ ಬಿಟ್ಟರು. ಕೊನೆಗೆ ರಾಯಚೂರಿನಲ್ಲಿ ಇಎನ್‌ಟಿ ಡಾಕ್ಟರ್ ಒಬ್ಬರು ನೋಡಿ, ಇದು ಗ್ಲೂ ಇಯರ್ ಅಂದರು.

ಇದು ಅಪರೂಪದ ಕಾಯಿಲೆ ಅಲ್ಲ. ಹತ್ತು ವರ್ಷ ತುಂಬುವುದರೊಳಗೆ 10ರಲ್ಲಿ 8 ಮಕ್ಕಳಿಗೆ ಒಮ್ಮೆಯಾದರೂ ಬರುತ್ತದೆ ಅನ್ನೋದು ವೈದ್ಯರ ಲೆಕ್ಕ. ಮೂಗಿನ ಹಿಂಭಾಗದಿಂದ ಕಿವಿಯ ಒಳಭಾಗಕ್ಕೆ ಒಂದು ಸಣ್ಣ ನಾಳ ಇದೆ. ಕಿವಿತಮಟೆಯ ಹಿಂದಿನ ಜಾಗಕ್ಕೆ ಗಾಳಿ ಹೋಗುವುದು ಇದರಿಂದಲೇ. ಚಿಕ್ಕ ಮಕ್ಕಳಲ್ಲಿ ಈ ನಾಳ ಗಿಡ್ಡ, ಜೊತೆಗೆ ಹೆಚ್ಚೂಕಡಿಮೆ ಅಡ್ಡಕ್ಕಿರುತ್ತದೆ. ನೆಗಡಿಯಿಂದಲೋ, ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ದಪ್ಪವಾಗಿಯೋ ಅದು ಕಟ್ಟಿಕೊಂಡರೆ ತಮಟೆಯ ಹಿಂದೆ ದ್ರವ ತುಂಬುತ್ತದೆ. ದಿನ ಕಳೆದಂತೆ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ಆಗ ಕಿವಿತಮಟೆಗೆ ಸದ್ದು ಬಡಿದರೂ ನೆನೆದ ಹಲಗಿ ಬಾರಿಸಿದ ಹಾಗೆ. ಮಗುವಿಗೆ ಸಾಮಾನ್ಯವಾಗಿ 20ರಿಂದ 40 ಡೆಸಿಬೆಲ್‌ನಷ್ಟು ಕೇಳಿಸುವುದು ಕಡಿಮೆಯಾಗುತ್ತದೆ. ಪೂರ್ತಿ ಕಿವುಡಾಗುವುದಿಲ್ಲ. ಜೋರಾಗಿ ಕೂಗಿದರೆ ಕೇಳುತ್ತದೆ. ಮೆಲ್ಲಗೆ ಆಡಿದ ಮಾತು, ದೂರದಿಂದ ಬಂದ ಮಾತು, ಫ್ಯಾನ್ ಸದ್ದಿನ ನಡುವೆ ಟೀಚರ್ ಹೇಳಿದ ಮಾತು ಹೋಗಿಬಿಡುತ್ತವೆ. ಅದಕ್ಕೇ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಇವತ್ತು ಕೇಳಿಸಿಕೊಂಡ ಮಗು ನಾಳೆ ಕೇಳಿಸಿಕೊಳ್ಳದಿದ್ದರೆ ಹಟ ಅಂತಾರೆ.

ನಮ್ಮ ಕಡೆ ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವ ರೂಢಿ ಇದೆ. ತಮಟೆಯ ಹಿಂದೆ ಇರುವ ದ್ರವಕ್ಕೆ ಹೊರಗಿನಿಂದ ಬಿಟ್ಟ ಎಣ್ಣೆ ಮುಟ್ಟುವುದೇ ಇಲ್ಲ. ಡ್ರಾಪ್ಸ್ ಕೂಡ ಅಷ್ಟೇ. ಆಂಟಿಬಯಾಟಿಕ್‌ನಿಂದ, ನೆಗಡಿ ಸಿರಪ್‌ನಿಂದ ಗ್ಲೂ ಇಯರ್ ವಾಸಿಯಾಗುವುದಿಲ್ಲ. ಆದರೂ ಬಡವರು ಇದಕ್ಕೇ ಬಾಟಲಿ ಮೇಲೆ ಬಾಟಲಿ ತರುತ್ತಿದ್ದಾರೆ.

ಚಿಕಿತ್ಸೆ ಏನು ಅಂತ ಕೇಳಿದರೆ, ಮೊದಲನೇದು ಕಾಯುವುದು. ಹೆಚ್ಚಿನ ಮಕ್ಕಳಲ್ಲಿ ಸುಮಾರು ಮೂರು ತಿಂಗಳಲ್ಲಿ ದ್ರವ ತಾನಾಗಿಯೇ ಇಳಿಯುತ್ತದೆ. ಆದರೆ ಈ ಕಾಯುವುದು ಸುಮ್ನೆ ಮನೆಯಲ್ಲಿ ಕೂರುವುದಲ್ಲ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಆಗಲೇಬೇಕು. ದ್ರವ ಇಳಿಯದೆ ಕೇಳಿಸುವುದೂ ಕಡಿಮೆಯೇ ಇದ್ದರೆ, ತಮಟೆಯಲ್ಲಿ ಸಣ್ಣ ತೂತು ಮಾಡಿ ಗ್ರೊಮೆಟ್ ಅನ್ನೋ ಪುಟ್ಟ ಕೊಳವೆ ಕೂರಿಸುತ್ತಾರೆ. ಮಗುವಿಗೆ ಅರಿವಳಿಕೆ ಕೊಟ್ಟು ಮಾಡುವ ಚಿಕ್ಕ ಆಪರೇಷನ್. ಆರು ತಿಂಗಳಿಂದ ಒಂದು ವರ್ಷದ ನಂತರ ಆ ಕೊಳವೆ ಸಾಮಾನ್ಯವಾಗಿ ತಾನೇ ಬಿದ್ದುಹೋಗುತ್ತದೆ. ಅಡಿನಾಯ್ಡ್ ದಪ್ಪವಿದ್ದರೆ ಅದನ್ನೂ ತೆಗೆಯುತ್ತಾರೆ. ಆಪರೇಷನ್ ಬೇಡ ಅನ್ನುವವರಿಗೆ ಸ್ವಲ್ಪ ಕಾಲ ಶ್ರವಣ ಯಂತ್ರ ಹಾಕಿಸುವ ದಾರಿಯೂ ಇದೆ.

ನನ್ನ ಮಗಳಿಗೆ ಎರಡೂ ಕಿವಿಗೆ ಗ್ರೊಮೆಟ್ ಹಾಕಿದರು, ಅಡಿನಾಯ್ಡ್ ತೆಗೆದರು. ಮನೆಗೆ ಬಂದ ಮೇಲೆ ಅತ್ತೆಯವರು ರೊಟ್ಟಿ ಬಡಿಯುತ್ತಿದ್ದರು. ಪಡಸಾಲೆಯಲ್ಲಿ ಆಡುತ್ತಿದ್ದವಳು ಎದ್ದು ಓಡಿಬಂದು "ಆಯಿ, ಏನದು ಸಪ್ಪಳ?" ಅಂದಳು. ಹುಟ್ಟಿದಾಗಿಂದ ದಿನಾ ಆ ಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ. ಅತ್ತೆಯವರು ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಅತ್ತರು. ಈಗ ಮಗಳ ಮಾತು ದಿನದಿನಕ್ಕೂ ತಿದ್ದಿಕೊಳ್ಳುತ್ತಿದೆ. ಗ್ರೊಮೆಟ್ ಇರುವ ತನಕ ಕಾಲುವೆ ನೀರಲ್ಲಿ ತಲೆ ಮುಳುಗಿಸದ ಹಾಗೆ ನೋಡಿಕೊಳ್ಳುವುದೊಂದೇ ಸದ್ಯದ ಕೆಲಸ.

ಇಷ್ಟು ಸರಳವಾಗಿ ಸರಿಯಾಗುವ ತೊಂದರೆಗೆ ಮಕ್ಕಳು ಯಾಕೆ ವರ್ಷಗಟ್ಟಲೆ ಕಾಯಬೇಕು? ಹುಟ್ಟಿದಾಗ ಮಾಡುವ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಇದು ಮುಖ್ಯವಾಗಿ ಆಮೇಲೆ ಬರುವ ಕಾಯಿಲೆ. ಹುಟ್ಟು ಕಿವುಡಿರುವ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಶ್ರವಣ ಸಾಧನ) ಹಾಕಿಸುವ ಶ್ರವಣ ಸಂಜೀವಿನಿ ಯೋಜನೆ ನಮ್ಮ ರಾಜ್ಯದಲ್ಲಿದೆ. ತುಂಬಾ ಒಳ್ಳೆಯ ಕೆಲಸ. 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಡೀ ದೇಶಕ್ಕೆ ಆಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಆದರೆ ಲಿಂಗಸುಗೂರು, ದೇವದುರ್ಗ, ಮಸ್ಕಿಯ ತಾಯಿಗೆ ಮೈಸೂರು ಬಹಳ ದೂರ ಅಲ್ವಾ? ಸಿಂಧನೂರಿನವರಿಗೆ ರಾಯಚೂರೇ ಎಂಬತ್ತು ಕಿಲೋಮೀಟರ್ ಮೇಲಾಗುತ್ತದೆ. ಅಂದಿನ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಗಿದೆ. ಅದರ ಡಾಕ್ಟರ್‌ಗಳ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು ಅನ್ನೋದು ನಿಯಮ. ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಕಿವಿ ಕೇಳಿಸದಿರುವುದೂ ಇದೆ, ಕಿವಿಯ ಸೋಂಕೂ ಇದೆ. ಅಂದರೆ ನಾನು ಹೊಸ ಯೋಜನೆ ಕೇಳುತ್ತಿಲ್ಲ. ಇರುವ ಯೋಜನೆಯಲ್ಲಿ ಗ್ಲೂ ಇಯರ್ ತಪ್ಪಿಸಿಕೊಳ್ಳದ ಹಾಗೆ ಮಾಡಿ ಅಂತ ಕೇಳುತ್ತಿದ್ದೇನೆ. ಗದ್ದಲದ ಅಂಗನವಾಡಿಯಲ್ಲಿ ಎದುರು ನಿಂತು "ನಿನ್ನ ಹೆಸರೇನು" ಅಂತ ಕೇಳಿದರೆ ಈ ಮಕ್ಕಳು ಬಾಯಿ ನೋಡಿಕೊಂಡೇ ಉತ್ತರ ಹೇಳಿಬಿಡುತ್ತಾರೆ. ಟಿಂಪನೊಮೀಟರ್ ಹಾಗಲ್ಲ. ಕಿವಿಯ ಬಾಯಿಗೆ ಮೆತ್ತನೆಯ ಬಿರಡೆ ಇಟ್ಟು ಗಾಳಿಯ ಒತ್ತಡ ಸ್ವಲ್ಪ ಬದಲಿಸಿ, ತಮಟೆ ಅಲುಗಾಡುತ್ತದೋ ಇಲ್ಲವೋ ಅಂತ ಗ್ರಾಫ್ ಬರೆಯುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಮಗು ಉತ್ತರ ಹೇಳಬೇಕಾಗಿಲ್ಲ, ಕೈ ಎತ್ತಬೇಕಾಗಿಲ್ಲ. ಗೆರೆ ಚಪ್ಪಟೆ ಬಂದರೆ ತಮಟೆ ಹಿಂದೆ ದ್ರವ ಇರಬಹುದು ಅಂತ ಲೆಕ್ಕ. ಆಮೇಲೆ ಡಾಕ್ಟರ್ ನೋಡುತ್ತಾರೆ.

ಯಂತ್ರ ಮಾತ್ರ ಕೊಟ್ಟು ಕೈ ತೊಳೆದುಕೊಂಡರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಜನ ಬೇಕು. ಎಲ್ಲ ತಾಲೂಕಿಗೂ ಒಬ್ಬೊಬ್ಬ ಆಡಿಯಾಲಜಿಸ್ಟ್ ಆಗದಿದ್ದರೆ, ಒಬ್ಬರೇ ಸೋಮವಾರ ಲಿಂಗಸುಗೂರು, ಮಂಗಳವಾರ ಸಿಂಧನೂರು, ಬುಧವಾರ ಮಾನ್ವಿ ಅಂತ ಸುತ್ತಲಿ. ವಾರ ಗೊತ್ತಿದ್ದರೆ ಜನ ಬಂದೇ ಬರುತ್ತಾರೆ, ಸಂತೆಗೆ ಬರುವುದಿಲ್ಲವೇ?

ಇನ್ನೊಂದು ವಿಷಯ ನಿಮ್ಮ ಗಮನಕ್ಕೆ ತರಲೇಬೇಕು. ಅದು ಗುಳೆ. ನಮ್ಮ ಜಿಲ್ಲೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಪುಣೆ ಅಂತ ದುಡಿಯಲು ಹೋಗುವವರು ಎಷ್ಟು ಮಂದಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ ಅಂತ ಡಾಕ್ಟರ್ ಹೇಳಿದಾಗ ಆ ಕುಟುಂಬ ಬೆಂಗಳೂರಿನ ಯಾವುದೋ ಕಟ್ಟಡದ ಕೆಳಗೆ ಶೆಡ್ಡಿನಲ್ಲಿರುತ್ತದೆ. ಎರಡನೇ ಪರೀಕ್ಷೆ ಆಗುವುದೇ ಇಲ್ಲ. ಈ ಕಾಯಿಲೆಯಲ್ಲಿ ಎರಡನೇ ಪರೀಕ್ಷೆಯೇ ಮುಖ್ಯ. ಆದ್ದರಿಂದ ಮೊದಲ ಪರೀಕ್ಷೆಯ ಫಲಿತಾಂಶ ತಾಯಿ ಕಾರ್ಡಿನಲ್ಲೇ ಬರೆದುಕೊಡಲಿ, ಮುಂದಿನ ಪರೀಕ್ಷೆಯ ತಿಂಗಳೂ ಅದರಲ್ಲಿರಲಿ. ಆಶಾ ಕಾರ್ಯಕರ್ತೆಯರು ಚುಚ್ಚುಮದ್ದಿಗೆ ನೆನಪು ಮಾಡುವ ಹಾಗೆ ಇದಕ್ಕೂ ಒಂದು ಫೋನ್ ಮಾಡಲಿ. ಆ ಹೆಚ್ಚಿನ ಕೆಲಸಕ್ಕೆ ಅವರಿಗೆ ಹಣವನ್ನೂ ಕೊಡಿ, ಪುಕ್ಕಟೆ ಮಾಡಿಸಬೇಡಿ. ಆಪರೇಷನ್ ಬೇಕಾದ ಮಗುವಿಗೆ ಸರ್ಕಾರಿ ಖರ್ಚಿನಲ್ಲಿ ಅದು ಎಲ್ಲಿ ಆಗುತ್ತದೆ, ಯಾವ ಕಾಗದ ಬೇಕು ಅಂತ ತಾಲೂಕು ಆಸ್ಪತ್ರೆಯಲ್ಲೇ ಹೇಳುವವರಿರಲಿ.

ಅಂಗನವಾಡಿ ಟೀಚರಮ್ಮನವರಿಗೂ ಒಂದು ದಿನದ ತರಬೇತಿ ಸಾಕು. ಕರೆದರೆ ತಿರುಗದ, ಪದೇ ಪದೇ "ಹಾಂ?" ಅನ್ನುವ, ಬಾಯಿ ತೆರೆದೇ ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ ಮಗುವನ್ನು ಗುರುತಿಸಿ ಕಳಿಸಲಿ. ವಾಸಿಯಾಗುವ ತನಕ ಮುಂದೆ ಕೂರಿಸಿ, ಮುಖ ನೋಡಿ ಮಾತಾಡಲಿ. ಮನೆಯಲ್ಲಿ ಬೀಡಿ ಸೇದುವವರಿದ್ದರೆ ಹೊರಗೆ ಹೋಗಿ ಸೇದಲು ಹೇಳಲಿ. ದೊಡ್ಡವರು ಬಿಟ್ಟ ಹೊಗೆಯಲ್ಲಿ ಉಸಿರಾಡುವ ಮಕ್ಕಳಿಗೆ ಈ ತೊಂದರೆ ಜಾಸ್ತಿ.

ದುಡ್ಡಿನ ಮಾತಿಗೆ ಬಂದರೆ, ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇದೆ. ಕಟ್ಟಡಗಳು ಎದ್ದಿವೆ, ರಸ್ತೆಗಳಾಗಿವೆ. ಅದೇ ಹಣದಲ್ಲಿ ಈ ಯಂತ್ರಗಳನ್ನೂ ಕೊಳ್ಳಬಹುದು. ಮಾತು ಕಲಿಯುವ ವಯಸ್ಸಿನ ಮಗುವಿಗೆ ಮಾತು ಕೇಳಿಸುವುದು ರಸ್ತೆಯಷ್ಟೇ ಮೂಲ ಸೌಕರ್ಯ ಅಂತ ನಾನು ನಂಬಿದ್ದೇನೆ.

ಮುಂದಿನ ಜಿಲ್ಲಾ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪರಿಶೀಲನಾ) ಸಭೆಯಲ್ಲಿ ಆರೋಗ್ಯ ಇಲಾಖೆಯವರನ್ನು ಎರಡೇ ಪ್ರಶ್ನೆ ಕೇಳಿ. ಕಳೆದ ವರ್ಷ ಅಂಗನವಾಡಿ ಮಕ್ಕಳಲ್ಲಿ ಎಷ್ಟು ಮಂದಿಯನ್ನು ಕಿವಿ ಕೇಳಿಸದ ಕಾರಣಕ್ಕೆ ಮುಂದಿನ ಪರೀಕ್ಷೆಗೆ ಕಳಿಸಿದ್ದೀರಿ? ಅವರಲ್ಲಿ ಎಷ್ಟು ಮಂದಿ ನಿಜವಾಗಿ ಹೋಗಿ ಪರೀಕ್ಷೆ ಮಾಡಿಸಿಕೊಂಡರು? ಬಂದ ಉತ್ತರವನ್ನು ತಾಲೂಕುವಾರು ಪ್ರಕಟಿಸಿ, ನಾವೂ ಓದುತ್ತೇವೆ.

ಇತಿ,
ಸಿಂಧನೂರು ತಾಲೂಕಿನ ಒಬ್ಬ ತಾಯಿ